ದೊಡ್ಡಮುನಿಯಮ್ಮನ ಮನೆಯ ಕುರ್ಚಿ

"ಕೂತ್ಕೊಳ್ಳಿ, ಏಳ್ಬೇಡಿ," ಎಂದು ಅಮರನಾಥ್ ಅತಿಥಿಯ ಭುಜ ಒತ್ತಿದರು.

ಜಿಲ್ಲಾಧಿಕಾರಿ ಒಳಗೆ ಕಾಲಿಟ್ಟ ಕೂಡಲೇ ಬಿಳಿ ಜುಬ್ಬದ ಅತಿಥಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದರು. ಅಷ್ಟು ವಿನಯ ಆ ಕುರ್ಚಿಗೆ ಒಗ್ಗುವುದಿಲ್ಲ. ಭದ್ರತೆಯ ಹೊಣೆ ಹೊತ್ತ ಅಮರನಾಥರಿಗೆ ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಅವರು ಬಗ್ಗಿ ಅತಿಥಿಯ ಕಿವಿಯಲ್ಲಿ ಉಸುರಿದರು.

"ಮಾತು ಬೇಡ. ಸುಮ್ನೆ ತಲೆ ಆಡಿಸಿ, ಹತ್ತು ನಿಮಿಷ ಕೂತು ಎದ್ಬಿಡಿ."

ರಾಯಲ್ಪಾಡಿನಿಂದ ಆಚೆ, ಹಳ್ಳ ದಾಟಿದರೆ ಸಿಗುವ ಒಂಟಿ ಮನೆ ಅದು. ಮುಖ್ಯಮಂತ್ರಿಗಳು ಬಡವರ ಮನೆಯಲ್ಲಿ ಊಟ ಮಾಡುವ ಕಾರ್ಯಕ್ರಮಕ್ಕೆ ದೊಡ್ಡಮುನಿಯಮ್ಮನ ಮನೆ ನಿಗದಿಯಾಗಿತ್ತು. ವಾರದೊಳಗೆ ಗೋಡೆಗೆ ಸುಣ್ಣ ಬಂತು, ಫ್ಯಾನು ಬಂತು. ಒಣಗಿದ ಹಳ್ಳದೊಳಗೆ ಕೆಮ್ಮಣ್ಣು ಸುರಿದು ಕಾರು ಓಡುವ ದಾರಿಯೂ ಆಯಿತು. ಮೊದಲ ಮಳೆಗೆ ಕೊಚ್ಚಿಹೋಗುವ ದಾರಿ; ಅದಕ್ಕಿಂತ ಹೆಚ್ಚು ದಿನ ಅದು ಯಾರಿಗೆ ಬೇಕಿತ್ತು? ಮನೆಯವರನ್ನೆಲ್ಲ ಬೆಳಗ್ಗೆಯೇ ಮಾವಿನ ತೋಪಿನ ಶೆಡ್ಡಿಗೆ ಸಾಗಿಸಿದ್ದರು, ತುಂಬು ಬಸುರಿ ಮೊಮ್ಮಗಳು ಶ್ರೀವಾಣಿಯನ್ನೂ ಬಿಡದೆ. ಅಡುಗೆಗೆಂದು ದೊಡ್ಡಮುನಿಯಮ್ಮನೊಬ್ಬಳನ್ನೇ ಉಳಿಸಿಕೊಂಡಿದ್ದರು.

ಟೀವಿಯವರನ್ನು ಹಳ್ಳದಾಚೆಯೇ ತಡೆದಿದ್ದರು. ಪಂಚಾಯಿತಿ ಅಧ್ಯಕ್ಷೆ ಹಾರ ಹಿಡಿದು ಮುಂದೆ ಬಂದಾಗ ಅಮರನಾಥ್ ಕೈ ಅಡ್ಡ ಹಿಡಿದರು. ಹಾರ ಮತ್ತೆ ನೀರಿನ ಬಕೆಟ್ಟಿಗೆ ಹೋಯಿತು.

ದೊಡ್ಡಮುನಿಯಮ್ಮ ಮಜ್ಜಿಗೆ ಲೋಟ ಹಿಡಿದು ತಡವರಿಸುತ್ತ ಬಂದಳು. ಎರಡೂ ಕಣ್ಣಿಗೆ ಪೊರೆ. ಅವಳಿಗೆ ಕಂಡದ್ದು ಬಿಳಿ ಜುಬ್ಬ, ಸುತ್ತ ಕೈಕಟ್ಟಿ ನಿಂತವರ ನೆರಳು, ಅಷ್ಟೇ.

"ಒಂದು ಗಂಟೆಗೆ ಅಂದಿದ್ರು ಸಾಮಿ. ಇಷ್ಟು ಬೇಗ ಬಂದ್ಬಿಟ್ರಿ. ಮುದ್ದೆ ಇನ್ನೂ ತೊಳಸಿಲ್ಲ. ನಾಚ್ಕೆ ಆಗ್ತೈತೆ. ಇದನ್ನಾದ್ರೂ ಕುಡೀರಿ."

ಅತಿಥಿ ಕುಡಿದರು. ಮುದುಕಿ ಅವರ ಕಾಲ ಬಳಿ ನೆಲದ ಮೇಲೆ ಕುಳಿತಳು.

"ನಮ್ಮ ಮಾವನ ಕಾಲಕ್ಕೆ ದಿವಾನ್ರು ಅಂತಿದ್ರಂತೆ. ಅವ್ರು ಹೋಗಿ ಮಹಾರಾಜ್ರಿಗೆ ಹೇಳ್ಬೇಕಿತ್ತಂತೆ. ಈಗ ಹಂಗಲ್ಲ. ಕಾಗ್ದ ಹೊರಡೋದು ರಾಜ್ಯಪಾಲ್ರ ಹೆಸ್ರಲ್ಲಿ, ಮಾಡ್ಸೋ ಕೈ ಮಾತ್ರ ಮುಖ್ಯಮಂತ್ರೀದು ಅಂತ ನಮ್ಮ ಶ್ರೀವಾಣಿ ಹೇಳ್ತಾಳೆ. ನಿಜಾನಾ ಸಾಮಿ?"

ಅತಿಥಿ ತಲೆ ಆಡಿಸಿದರು.

"ಹಂಗಾದ್ರೆ ಕೇಳ್ತೀನಿ. ಈ ಹಳ್ಳಕ್ಕೆ ಸೇತುವೆ ಅಂತ ನಿಮಗಿಂತ ಮುಂಚಿನ ಇಬ್ರು ಮುಖ್ಯಮಂತ್ರಿಗಳು ಕಲ್ಲು ನೆಟ್ರು. ಒಂದ್ರ ಮೇಲೆ ನಾನು ಬಟ್ಟೆ ಒಗೀತೀನಿ. ನುಣ್ಣಗೈತೆ, ಚೆನ್ನಾಗೈತೆ. ಸೇತುವೆ ಬರ್ಲಿಲ್ಲ."

ಯಾರೋ ಕಿಸಕ್ಕೆಂದರು. ಜಿಲ್ಲಾಧಿಕಾರಿ ಗಡಿಯಾರ ನೋಡಿಕೊಂಡರು. ಮುದುಕಿಯ ಮಾತು ನಿಲ್ಲಲಿಲ್ಲ.

"ಶ್ರೀವಾಣಿ ಹುಟ್ಟೋವಾಗ ಹಳ್ಳ ತುಂಬಿ ಹರೀತಿತ್ತು. ಆಂಬುಲೆನ್ಸು ಆ ದಡದಾಗೆ ನಿಂತಿತ್ತು, ನನ್ನ ಸೊಸೆ ಈ ದಡದಾಗೆ ಒದ್ದಾಡ್ತಿದ್ಲು. ಮಗು ಉಳೀತು, ತಾಯಿ ಉಳೀಲಿಲ್ಲ. ಈಗ ಆ ಮಗೂಗೇ ದಿನ ತುಂಬ್ತಾ ಐತೆ. ಮಳೆ ಬರೋ ಹೊತ್ತಿಗೇ ಹೆರಿಗೆ. ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಇವತ್ತು ದೇವ್ರೇ ಮನೆಗೆ ಬಂದವ್ನೆ. ಮಾಡಿಸ್ತೀನಿ ಅಂತ ಒಂದು ಮಾತು ಹೇಳಿ ಸಾಮಿ."

ಅವಳು ಎರಡೂ ಕೈ ಚಾಚಿದಳು. ಕೈಗಳು ಗಾಳಿಯಲ್ಲಿ ತಡಕಾಡಿ ಅತಿಥಿಯ ಮೊಣಕಾಲು ಹಿಡಿದವು. ಅಮರನಾಥ್ ಕಣ್ಣಲ್ಲೇ ಗದರಿಸಿದರು. ಆದರೆ ಬೇಡುವ ಮುದುಕಿಯ ಎದುರು ಬಾಯಿ ಮುಚ್ಚಿ ಕೂರುವುದು ಅತಿಥಿಯಿಂದ ಆಗಲಿಲ್ಲ. ಅವರು ಆ ಕೈಗಳನ್ನು ಹಿಡಿದುಕೊಂಡರು.

"ಮಾಡಿಸ್ತೀನಮ್ಮ."

ಹೇಳಿದ ಮರುಕ್ಷಣವೇ ಅವರ ಮುಖ ಕಪ್ಪಿಟ್ಟಿತು. ದೊಡ್ಡಮುನಿಯಮ್ಮ ಆ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಅವಳ ಕಣ್ಣೀರು ಬೆರಳಿಗೆ ತಾಗಿದಾಗ ಅತಿಥಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿ ಆಶೀರ್ವಾದ ಪಡೆಯುವಷ್ಟು ನೀಚತನ ತನ್ನಲ್ಲಿತ್ತೇ ಎಂದು ನಾಚಿಕೆಯಾಯಿತು.

ಅಂಗಳದಲ್ಲಿ ಅವರು ಅಮರನಾಥರ ದಾರಿಗೆ ಅಡ್ಡ ನಿಂತರು. "ಒಳಗೆ ಹೋಗಿ ಆಯಮ್ಮಂಗೆ ನಿಜ ಹೇಳ್ಬಿಡ್ತೀನಿ."

"ಏನಂತ ಹೇಳ್ತೀರಾ? ಟೈಮಿಲ್ಲ. ಸುಮ್ನೆ ಗಾಡಿ ಹತ್ತಿ."

ಅವರು ಹತ್ತಿದರು. ಹತ್ತದೆ ಇರಬಹುದಿತ್ತು. ಕಾರುಗಳ ಸಾಲು ಕೆಮ್ಮಣ್ಣು ಎಬ್ಬಿಸುತ್ತ ಹಳ್ಳ ದಾಟಿ ಹೋಯಿತು.

ಒಳಗೆ ದೊಡ್ಡಮುನಿಯಮ್ಮ ಬಹಳ ದಿನಗಳ ಮೇಲೆ ಹಾಡು ಗುನುಗುತ್ತ, ಊಟಕ್ಕೆ ಬರುವವರಿಗೆಂದು ಮುದ್ದೆಗೆ ಎಸರಿಟ್ಟಳು.

ಒಂದು ಗಂಟೆಗೆ ಅದೇ ಕಾರುಗಳ ಸಾಲು ಮತ್ತೆ ಬಂತು. ಈ ಸಲ ಟೀವಿಯವರೂ ಹಿಂದೆಯೇ ಓಡಿ ಬಂದರು. ಹಾರ ಬಕೆಟ್ಟಿನಿಂದ ಎದ್ದು ಕೊರಳಿಗೆ ಬಿತ್ತು. ಜೊತೆಗೆ ಬಂದಿದ್ದ ಡಾಕ್ಟರು ಮುದ್ದೆ, ಬಸ್ಸಾರು ಮೊದಲು ತಾವು ರುಚಿ ನೋಡಿ ಸರಿ ಎಂದರು. ಅದೇ ಕುರ್ಚಿಯಲ್ಲಿ ಇನ್ನೊಂದು ಬಿಳಿ ಜುಬ್ಬ ಕುಳಿತಿತ್ತು. ಜಿಲ್ಲಾಧಿಕಾರಿ ಈಗ ಕೈಕಟ್ಟಿ ನಿಂತಿದ್ದರು.

ಬೆಳಗಿನ ಅತಿಥಿ ಕಿಟಕಿಯಾಚೆ ಖಾಕಿ ತೊಟ್ಟು, ಲಾಠಿ ಹಿಡಿದು ಬಂದೋಬಸ್ತಿಗೆ ನಿಂತಿದ್ದರು. ಮೈಕಟ್ಟು ಮುಖ್ಯಮಂತ್ರಿಗಳಂತೆಯೇ ಇದೆ ಎಂದು ಭದ್ರತೆಯ ತಾಲೀಮಿಗೆ ಅವರ ಜಾಗದಲ್ಲಿ ಕೂರಿಸಿದ್ದ ಹೆಡ್ ಕಾನ್ಸ್‌ಟೇಬಲ್ ಮುನಿಕೃಷ್ಣಪ್ಪ.

"ನಿಮಗೇನಾದ್ರೂ ಬೇಕೇನಮ್ಮ? ಸಂಕೋಚ ಬೇಡ, ಕೇಳಿ," ಎಂದರು ಮುಖ್ಯಮಂತ್ರಿಗಳು. ಕ್ಯಾಮೆರಾಗಳು ಮುದುಕಿಯತ್ತ ತಿರುಗಿದವು. ಕಿಟಕಿಯ ಸರಳು ಹಿಡಿದು ಮುನಿಕೃಷ್ಣಪ್ಪ ಮನಸ್ಸಿನಲ್ಲೇ ಬೇಡಿಕೊಂಡರು: ಕೇಳಮ್ಮ, ಈಗ ಕೇಳು.

ದೊಡ್ಡಮುನಿಯಮ್ಮ ನಕ್ಕು ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದಳು. "ಏನೂ ಬೇಡ ನಾಯ್ನಾ, ಬೆಳಗ್ಗೇನೇ ಮುಖ್ಯಮಂತ್ರಿಗಳು ಬಂದು ಸೇತುವೆ ಮಾಡಿಸ್ತೀನಿ ಅಂತ ಕೈ ಹಿಡ್ಕೊಂಡು ಹೇಳಿ ಹೋದ್ರು. ನೀನು ಉಣ್ಣು."