ಉಮ್ಮನ ನೆರಳು

ಶಾಹಿನ ಎಡಕ್ಕೆ ಸರಿದಳು. ಐದು ವರ್ಷದ ಮಗಳು ಅಸೀಲಾ ಕೂಡ ಎಡಕ್ಕೆ ಸರಿದು ಮತ್ತೆ ತಾಯಿಯ ನೆರಳಿನೊಳಗೇ ನಿಂತಳು. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಆ ಪಾರ್ಕಿಂಗ್ ಜಾಗದಲ್ಲಿ ಬೇಕೆಂದೇ ಬಿಸಿಲಿಗೆ ಬಂದವರು ಅವರಿಬ್ಬರೇ.

“ಮಗುವಿನ ಮೂಳೆ ಗಟ್ಟಿ ಸಾಲದು, ವಿಟಮಿನ್ ಡಿ ಕಮ್ಮಿ ಉಂಟು. ಡ್ರಾಪ್ಸ್ ಕೊಡಿ, ಸ್ವಲ್ಪ ಬಿಸಿಲಿಗೂ ಬಿಡಿ,” ಎಂದು ನಿನ್ನೆ ಮಂಗಳೂರು ಕಡೆಯ ಡಾಕ್ಟರಮ್ಮ ಹೇಳಿದಾಗ ಶಾಹಿನಳಿಗೆ ತಲೆಬುಡ ಅರ್ಥವಾಗಿರಲಿಲ್ಲ. “ದುಬೈಯಲ್ಲಿ ಬಿಸಿಲಿಗೆ ಬರವಾ ಡಾಕ್ಟ್ರೇ?” ಎಂದು ಕೇಳಿಯೇಬಿಟ್ಟಿದ್ದಳು. ಮಗು ಕಪ್ಪಾದೀತು, ಬಾಡೀತು ಎಂದು ಅವಳು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿದ್ದಳು. ಲಿಫ್ಟಿನಿಂದ ಕಾರಿನವರೆಗೂ ಮಗಳನ್ನು ತನ್ನ ನೆರಳಲ್ಲೇ ನಡೆಸುತ್ತಿದ್ದಳು. ಹಾಗಾದರೆ ಇಷ್ಟು ದಿನ ಕಾಪಾಡಿದ್ದು ಯಾವುದರಿಂದ?

“ಈಚೆ ಬಾ ಅಸೀ, ಬಿಸಿಲಲ್ಲಿ ನಿಲ್ಲು.”

“ನೋ! ಸನ್ ಈಸ್ ಬ್ಯಾಡ್. ಉಮ್ಮನೇ ಹೇಳಿದ್ದಲ್ವಾ?” ಅಸೀಲಾ ಕಂಬದ ನೆರಳಿಗೆ ಓಡಿದಳು.

ಶಾಹಿನ ಫುಟ್‌ಪಾತಿನ ಅಂಚಿನಲ್ಲಿ ಕುಳಿತಳು. ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಅಂಗೈ ಅಡ್ಡ ಹಿಡಿದಳು. ಅಸೀಲಾ ಅದನ್ನು ನೋಡಿದಳು. ಒಂದು ಗಳಿಗೆ ಅನುಮಾನಿಸಿ, ಕಂಬ ಬಿಟ್ಟು ಬಿಸಿಲಲ್ಲೇ ನಡೆದು ಬಂದು, ತಾಯಿಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು. ಪುಟ್ಟ ನೆರಳೊಂದು ಶಾಹಿನಳ ಮುಖದ ಮೇಲೆ ಬಿತ್ತು.

“ಈಗ ಓಕೆಯಾ ಉಮ್ಮ?”

ಬಿಸಿಲು ಬೇಡ, ಈಚೆ ಬಾ ಎನ್ನಲು ಹೊರಟ ಶಾಹಿನ ತಡೆದುಕೊಂಡು, ಅಡ್ಡ ಹಿಡಿದಿದ್ದ ಅಂಗೈ ಇಳಿಸಿ ಆ ನೆರಳಲ್ಲೇ ಕುಳಿತಳು.