ಹೆಸರಿಲ್ಲದ ದೇವರ ಪ್ರಾರ್ಥನೆ

ಕೊಳೆತ ನಿಂಬೆಹಣ್ಣಿನ ವಾಸನೆ ಬಂದರೆ ನಾನು ಈಗಲೂ ಕೈಯಲ್ಲಿರುವ ಲೋಟ ಕೆಳಗಿಡುತ್ತೇನೆ.

ಇಂಡಿ ಎಂಬ ನಮ್ಮೂರಿನ ಶಾಲೆಯಲ್ಲಿ ನಾನು ಆರನೆಯ ತರಗತಿಯಲ್ಲಿದ್ದಾಗ ಪ್ರಾರ್ಥನೆ ಬದಲಾಯಿತು. ಹಳೆಯದರಲ್ಲಿದ್ದ ದೇವರ ಹೆಸರುಗಳನ್ನೆಲ್ಲ ತೆಗೆದು, ಗುರುಗಳು ‘ಸೃಷ್ಟಿಕರ್ತನೇ’ ಎಂಬ ಒಂದೇ ಮಾತನ್ನು ಇಟ್ಟಿದ್ದರು.

“ಇದ್ರಾಗ ಯಾ ಧರ್ಮಾನೂ ಇಲ್ಲ. ಎಲ್ಲಾರೂ ಅನ್ನಬೇಕು,” ಎಂದರು. ಮುಂದಿನ ಕುರ್ಚಿಗಳಲ್ಲಿ ಕೂತಿದ್ದ ಊರ ಗೌಡರು, ನಮ್ಮ ತರಗತಿಯ ರಜಾಕನ ಅಜ್ಜ, ಇಬ್ಬರೂ ತಲೆದೂಗಿದರು.

ಯಾರು ಕೈ ಮುಗಿದರೆಂದು ಎಣಿಸಿ ಬರೆಯುವ ಕೆಲಸ ನನ್ನದು.

“ನಲವತ್ತೊಂದು ಮಂದಿ ಮುಗಿದಾರ್ರಿ. ಶಾರದಾ ಒಬ್ಬಾಕಿ ಮುಗಿದಿಲ್ರಿ,” ಎಂದು ದೊಡ್ಡ ದನಿಯಲ್ಲಿ ಓದಿದೆ.

“ಯಾಕವಾ, ನಿನಗೇನ ಧಾಡಿ?” ಗುರುಗಳು ಕೇಳಿದರು.

“ಹುಟ್ಟಿಸಿದಾಂವ ಯಾರೂ ಇಲ್ಲಂತ ನಮ್ಮಪ್ಪ ಹೇಳ್ಯಾನ್ರಿ. ನನಗೂ ಹಂಗ ಅನಸ್ತೈತ್ರಿ,” ಎಂದಳು ಶಾರದಾ.

“ನಮ್ಮ ದೇವರೂ ಬ್ಯಾಡ, ಅವರ ದೇವರೂ ಬ್ಯಾಡ ಅಂದ್ರ ನೀ ಏನ್ ದನಾ ಏನವಾ?” ಗೌಡರು ನಕ್ಕರು. ರಜಾಕನ ಅಜ್ಜನೂ ಅವರ ತೊಡೆ ತಟ್ಟಿ ನಕ್ಕರು.

ನಮಗೆಲ್ಲ ಶರಬತ್ತು ಕೊಟ್ಟರು. ಶಾರದಾಳನ್ನು ಹಿತ್ತಲಿಗೆ ಕಳಿಸಿ, ಶರಬತ್ತಿಗೆಂದು ತಂದ ಚೀಲದಲ್ಲಿ ಕೊಳೆತಿದ್ದ ನಿಂಬೆಹಣ್ಣುಗಳನ್ನು ಬರಿಗೈಯಿಂದ ಆರಿಸಲು ಹಚ್ಚಿದರು. ಬೂಸ್ಟು ಹಿಡಿದ ಹಣ್ಣುಗಳು ಅವಳ ಬೆರಳುಗಳ ನಡುವೆ ಪಿಚ್ಚೆಂದು ಒಡೆಯುತ್ತಿದ್ದವು. ಲೋಳೆಯಂಥ ರಸ ಮೊಣಕೈವರೆಗೆ ಇಳಿದು, ಅದಕ್ಕೆ ನೊಣ ಮುತ್ತಿದ್ದವು.

ಲೋಟ ಹಿಡಿದುಕೊಂಡೇ ನಾನು ನೋಡಲು ಹೋದೆ. ಅವಳು ತಲೆ ಎತ್ತಿದಳು.

“ನೀ ಕೈ ಮುಗಿದಿದ್ದೇನ?”

ಪ್ರಾರ್ಥನೆ ಮುಗಿಯುವವರೆಗೂ ನನ್ನ ಒಂದು ಕೈಯಲ್ಲಿ ಎಣಿಕೆ ಬರೆಯುವ ವಹಿ ಇತ್ತು, ಇನ್ನೊಂದರಲ್ಲಿ ಪೆನ್ಸಿಲ್ಲು.

“ನನ್ನ ಯಾರೂ ಎಣಿಸಿಲ್ಲ,” ಎಂದೆ. ಉಳಿದ ಶರಬತ್ತನ್ನು ಅವಳೆದುರೇ ಕುಡಿದು ಮುಗಿಸಿದೆ.