ಕೋದಂಡರಾಮಪ್ಪನ ತಳಿಶಾಸ್ತ್ರ

"ಅಲ್ಲೇ ನಿಲ್ಲಿ. ಮೊದಲು ಕೊಟ್ಟಿಗೆ ನೋಡ್ಕೊಂಡು ಬನ್ನಿ, ಆಮೇಲೆ ಮಾತು," ಎಂದ ಕೋದಂಡರಾಮಪ್ಪ.

ಹೆಣ್ಣು ಕೇಳಲು ಬಂದವರಿಗೆ ಕೊಟ್ಟಿಗೆ ತೋರಿಸುವ ಪದ್ಧತಿ ವಕ್ಕಲೇರಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಆದರೆ ಬಂದವರು ಅವನ ಹೊಲಕ್ಕೆ ಕೂಲಿಗೆ ಬರುವ ಅಂಜಮ್ಮ ಮತ್ತು ಅವಳ ಮಗ ಕದಿರೇಶ. ಕೇಳಿದ್ದು ಅವನ ಒಬ್ಬಳೇ ಮಗಳು ಶಾಮಲೆಯನ್ನು. ಜಾತಿ ಒಂದೇ, ಊರೂ ಒಂದೇ. ಕದಿರೇಶ ಬಿ.ಎಸ್ಸಿ. ಮಾಡಿ ಮಾಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ಕೊಟ್ಟರೆ ಅವನಿಗೇ ಕೊಡಿ, ಇಲ್ಲವಾದರೆ ಮದುವೆಯೇ ಬೇಡ ಎಂದು ಶಾಮಲೆ ಊಟ ಬಿಟ್ಟು ಕೂತಿದ್ದಳು.

ಕೋದಂಡರಾಮಪ್ಪನ ತಲೆ ಕೆಡಿಸಿದ್ದು ಬೆಂಗಳೂರಿನಿಂದ ಬಂದಿದ್ದ ದನದ ಡಾಕ್ಟರು. ೧೯೮೩ರ ಆ ಬೇಸಿಗೆಯಲ್ಲಿ ಅವರು ಹಾಲಿನ ಡೇರಿಯ ಮುಂದೆ ನಿಂತು, ಹಸು ಎಷ್ಟು ಹಾಲು ಕೊಡುತ್ತದೆ ಎಂಬುದು ಅದರ ತಳಿಯಲ್ಲೇ ಇರುತ್ತದೆ ಎಂದು ಭಾಷಣ ಮಾಡಿ, ಎಳನೀರು ಕುಡಿದು ಹೊರಟುಹೋದರು. ಅವರು ಹೇಳಿದ್ದು ಹಸುಗಳ ಬಗ್ಗೆ. ಡೇರಿಯ ಅಧ್ಯಕ್ಷ ಕೋದಂಡರಾಮಪ್ಪನಿಗೆ ಕೇಳಿಸಿದ್ದು ಮನುಷ್ಯರ ಬಗ್ಗೆ.

ಅಂದಿನಿಂದ ಅವನಿಗೆ ಊರೇ ಒಂದು ಕೊಟ್ಟಿಗೆಯಾಯಿತು. ಯಾರ ಮಗ ಪಾಸಾದರೂ ತಳಿ, ಫೇಲಾದರೂ ತಳಿ. ತನ್ನ ಹಿಪ್ಪುನೇರಳೆ ತೋಟ, ಅಧ್ಯಕ್ಷಗಿರಿ, ಪಂಚಾಯಿತಿಯಲ್ಲಿ ಎತ್ತರಿಸುವ ದನಿ, ಎಲ್ಲವೂ ಅಪ್ಪನ ರಕ್ತದಿಂದ ಇಳಿದು ಬಂದದ್ದು. ಬಂದವರನ್ನೆಲ್ಲ ಅಪ್ಪನ ಪಟದ ಕೆಳಗೆ ನಿಲ್ಲಿಸಿ, "ನೋಡಿ, ಥೇಟ್ ಅದೇ ಮೀಸೆ," ಎನ್ನುತ್ತಿದ್ದ. ಆ ಮೀಸೆಯನ್ನು ವಾರಕ್ಕೊಮ್ಮೆ ಪಟ ನೋಡಿಕೊಂಡೇ ಕತ್ತರಿಸಿಕೊಳ್ಳುತ್ತಿದ್ದ ಎಂಬುದು ಬೇರೆ ಮಾತು.

"ಇದು ಸೀಮೆ ಹಸು. ಅದು ನಾಟಿ," ಎಂದು ಕೊಟ್ಟಿಗೆಯಲ್ಲಿ ಪಾಠ ಶುರುಮಾಡಿದ. "ಎರಡಕ್ಕೂ ಅದೇ ಹುಲ್ಲು, ಅದೇ ಹಿಂಡಿ. ಇದು ಬಿಂದಿಗೆ ತುಂಬಿಸುತ್ತೆ, ಅದು ಚೊಂಬು ತುಂಬಿಸೋಕೆ ಒದ್ದಾಡುತ್ತೆ. ಯಾಕೆ ಮೇಷ್ಟ್ರೇ?"

"ತಳಿ," ಎಂದ ಕದಿರೇಶ.

"ನೋಡಿದ್ಯಾ! ಮೇಷ್ಟ್ರೇ ಒಪ್ಕೊಂಡ್ರು."

"ಹಾಲಿಗೆ ಒಪ್ಕೊಂಡೆ ಸಾರ್, ಅಧ್ಯಕ್ಷಗಿರಿಗೆ ಒಪ್ಪಿಲ್ಲ. ನೀವು ನಮ್ಮಜ್ಜಿ ಮುನಿಗಂಗಮ್ಮನ ಗುಡಿಸಲಲ್ಲಿ ಬೆಳೆದಿದ್ರೆ ಇವತ್ತು ಯಾರದೋ ಹೊಲದಲ್ಲಿ ರಾಗಿ ಕುಯ್ತಿದ್ರಿ."

"ಗುಡಿಸಲಲ್ಲಿ ಹಾಕಿದ್ರೂ ನಾನು ಅಧ್ಯಕ್ಷನೇ ಕಣಯ್ಯಾ! ರಕ್ತ ಎಲ್ಲಿಗೆ ಹೋಗುತ್ತೆ?"

ಒಳಗೆ ಎಲೆಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ದೊಡ್ಡಗಂಗಮ್ಮನ ಕೈ ನಿಂತಿತು. ಯಾರೂ ಗಮನಿಸಲಿಲ್ಲ.

"ಬಿಡಣ್ಣಾ, ಮಕ್ಕಳು ಆಸೆಪಟ್ಟವೆ," ಎಂದಳು ಅಂಜಮ್ಮ ಮೆಲ್ಲಗೆ.

ಈ 'ಅಣ್ಣ' ಎಂಬ ಮಾತು ಕೇಳಿದರೇ ಕೋದಂಡರಾಮಪ್ಪನಿಗೆ ಮೈ ಉರಿಯುತ್ತಿತ್ತು. ಕೂಲಿಯವರೆಲ್ಲ 'ಯಜಮಾನ್ರೇ' ಎನ್ನುವಾಗ, ತನ್ನ ವಾರಿಗೆಯವಳಾದ ಇವಳೊಬ್ಬಳು ಚಿಕ್ಕಂದಿನಿಂದ ಅಣ್ಣ ಅಣ್ಣ ಎಂದೇ ಬರುತ್ತಿದ್ದಳು. ತಪ್ಪು ಅವ್ವನದು. ಗೌರಿ ಹಬ್ಬಕ್ಕೆ ಇವಳಿಗೆ ತಪ್ಪದೆ ಸೀರೆ, ಬಳೆ, ಬಾಗಿನ ಕಳಿಸಿ ತಲೆ ಮೇಲೆ ಕೂರಿಸಿಕೊಂಡಿದ್ದಳು.

ಅವನು ಸೀಮೆ ಹಸುವಿನ ಬೆನ್ನ ಮೇಲೆ ಕೈಯಿಟ್ಟ.

"ಗೋವಿನ ಆಣೆ, ಕೇಳಿಸ್ಕೊಳ್ಳಿ. ಈ ಮನೆ ಹೆಣ್ಣನ್ನ ಸಂಬಂಧದೊಳಗೇ ಕೊಡೋದು. ನನ್ನ ರಕ್ತ ಇರೋನಿಗೇ ನನ್ನ ಮಗಳು. ಇವನ ಮೈಯಲ್ಲಿ ನನ್ನ ರಕ್ತ ರವಷ್ಟು ತೋರ್ಸಿ, ಇವತ್ತೇ ತಾಂಬೂಲ ಬದಲಾಯಿಸ್ತೀನಿ."

ಹಸು ಬಾಲ ಬೀಸಿ ಅವನ ಮುಖಕ್ಕೆ ಸರಿಯಾಗಿ ಬಾರಿಸಿತು. ಬಾಗಿಲ ಹಿಂದೆ ಶಾಮಲೆ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಪಾಪ, ಆ ಹುಡುಗಿಗೆ ಇನ್ನು ಯಾವ ದಾರಿಯೂ ಉಳಿದಿರಲಿಲ್ಲ.

"ಅಳಬೇಡ ಕಣೇ. ತಟ್ಟೆಗೆ ಎಲೆ ಅಡಿಕೆ ಜೋಡಿಸು," ಎನ್ನುತ್ತಾ ದೊಡ್ಡಗಂಗಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಸೋದರಮಾವನ ಮಗಳು ಅವನಿಗೆ. ಇದಕ್ಕಿಂತ ಹತ್ತಿರದ ಸಂಬಂಧ ಎಲ್ಲಿಂದ ತರೋದು?"

"ಯಾರಿಗೆ ಯಾರು ಸೋದರಮಾವ?" ಎಂದ ಕೋದಂಡರಾಮಪ್ಪ.

"ನೀನೇ. ನಿನಗಿಂತ ಮುಂಚೆ ಹೆತ್ತಿದ್ದು ಒಂದೂ ಉಳೀಲಿಲ್ಲ. ಈ ಸಲ ಹುಟ್ಟಿದ್ದನ್ನ ಮಾರಿಬಿಡು ಅಂದ್ರು ಹಿರೀಕರು. ಯಮ ಬಂದ್ರೆ, ಇದು ಬೇರೆಯೋರ ಮಗು ಅಂತ ಹೊರಟೋಗ್ತಾನಂತೆ. ಮೊರದಲ್ಲಿ ಮಲಗಿಸಿ, ತೌಡಿಗೆ ಮುನಿಗಂಗಮ್ಮನಿಗೆ ಮಾರಿದೆ. ಆಮೇಲೆ ತೌಡು ವಾಪಸ್ ಕೊಟ್ಟು ಮಗು ತಂದ್ಕೊಂಡೆ. ಅವಳ ಮಡಿಲಿಗೆ ಬಿದ್ದ ಮೇಲೆ ಅವಳ ಮಗಳು ಅಂಜಮ್ಮ ನಿನಗೆ ತಂಗಿ ಅಲ್ವೇನ್ಲಾ?"

ಕೋದಂಡರಾಮಪ್ಪ ತಾಯಿಯನ್ನೊಮ್ಮೆ, ಅಂಜಮ್ಮನನ್ನೊಮ್ಮೆ ನೋಡಿದ. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಎದೆಯ ಮೇಲಿನ ಭಾರ ಇಳಿದಂತಾಗಿ ಮೀಸೆಗೆ ಕೈಹಾಕಿದ.

"ಅದು ಶಾಸ್ತ್ರ ಕಣಮ್ಮಾ! ತೌಡು ಕೊಟ್ಟರೆ ತಂಗಿಯಾಗ್ತಾಳಾ? ನಾನು ಆಣೆ ಇಟ್ಟಿದ್ದು ರಕ್ತದ ಮೇಲೆ. ಮಾರಿದ್ದು ನೀನೇ, ವಾಪಸ್ ತಂದಿದ್ದೂ ನೀನೇ. ಅಷ್ಟಕ್ಕೆ ನನ್ನ ರಕ್ತ ಬದಲಾಗಿಹೋಯ್ತಾ?"

ಅಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಗಂಗಮ್ಮ ಹೊಸ್ತಿಲ ಮೇಲೆ ಕೂತು, ಮಗನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಕಣ್ಣು ತುಂಬಿತ್ತು.

"ಮಾರಿದ ಮಗು ಬೆಳಗಾಗೋಷ್ಟರಲ್ಲಿ ಹೋಗಿಬಿಟ್ಟಿತ್ತು ನಾಯ್ನಾ, ಮುನಿಗಂಗಮ್ಮನಿಗೆ ಆ ವಾರವೇ ಅವಳಿ ಹುಟ್ಟಿದ್ವು, ಅಂಜಮ್ಮನ್ನ ಇಟ್ಕೊಂಡು ನಿನ್ನನ್ನ ಮೊರದಲ್ಲಿ ಮಲಗಿಸಿ ಕೊಟ್ಟಳು."